ಎತ್ತಬಾರದ ಫೋನು

ಗೋವೆಯ ಝುವಾರಿನಗರದ ಬಸ್ ಸ್ಟಾಪಿನಿಂದ ಏರು ಹತ್ತಿದರೆ ಎಡಗಡೆ ಮಂಗಲಾಳ ಝೆರಾಕ್ಸ್ ಅಂಗಡಿ. ಆಧಾರ್ ಕಾರ್ಡಿನ ಪ್ರತಿ, ಮೊಬೈಲ್ ರೀಚಾರ್ಜು, ಊರಿಗೆ ಹೋಗುವವರ ಬಸ್ ಟಿಕೀಟು, ಮಕ್ಕಳ ಶಾಲೆಗೆ ಬೇಕಾದ ಬಣ್ಣದ ಚಿತ್ರ, ಏನು ಬೇಕೆಂದರೂ ಅಲ್ಲಿ ಆಗುತ್ತದೆ. ಆದರೆ ಬೆಳಿಗ್ಗೆ ಶಟರ್ ಎತ್ತಿ, ಯಲ್ಲಮ್ಮನ ಫೋಟೋಕ್ಕೆ ಊದಿನಕಡ್ಡಿ ಬೆಳಗಿದ ಮೇಲೆ ಅವಳು ಮಾಡುವ ಕೆಲಸವನ್ನು ಹೊಸಬರು ಯಾರಾದರೂ ನೋಡಿದರೆ, ಈ ಹೆಂಗಸಿನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅನುಮಾನ ಪಡಬೇಕು. ಗಿರಾಕಿ ಎಷ್ಟೇ ಅವಸರ ಮಾಡಲಿ, ಅವಳು ಮೊದಲು ಹೋಗುವುದು ಮೂಲೆಗೆ.

ಆ ಮೂಲೆಯಲ್ಲಿ ಓಬೀರಾಯನ ಕಾಲದ ಒಂದು ಕಂಪ್ಯೂಟರಿದೆ. ಅದಕ್ಕೆ ತಂತಿಯಿಂದ ಸೇರಿಸಿದ ಬೂದು ಬಣ್ಣದ ಒಂದು ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಪೆಟ್ಟಿಗೆಯ ಪಕ್ಕ ಒಂದು ಲ್ಯಾಂಡ್‌ಲೈನ್ ಫೋನು. ಪೆಟ್ಟಿಗೆಯ ಹೆಸರು ಮೋಡೆಮ್. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ; ಒಂದು ಕಾಲಕ್ಕೆ ಕಂಪ್ಯೂಟರಿಗೂ ಕಂಪ್ಯೂಟರಿಗೂ ಮಾತುಕತೆ ಆಗಬೇಕಾದರೆ ನಾವು ನೀವು ಮಾಡುವ ಹಾಗೆ ಟೆಲಿಫೋನ್ ಹಚ್ಚಬೇಕಾಗಿತ್ತು, ಹಚ್ಚಿಕೊಡುವುದು ಈ ಪೆಟ್ಟಿಗೆಯ ಕೆಲಸವಾಗಿತ್ತು. ಅದಕ್ಕೆ ಒತ್ತುವ ಗುಂಡಿಯಿಲ್ಲ. ಏನು ಹೇಳಬೇಕಾದರೂ ಕೀಬೋರ್ಡಿನಲ್ಲಿ ಅಕ್ಷರ ಕುಟ್ಟಿಯೇ ಹೇಳಬೇಕು. ಪ್ರತಿ ಮಾತಿಗೂ ಮೊದಲು ಎ, ಟಿ ಎಂಬ ಎರಡು ಅಕ್ಷರ ಬರಬೇಕು, ‘ಇಲ್ಲಿ ಕೇಳು’ ಎಂದು ಕೂಗಿ ಕರೆದ ಹಾಗೆ. ಬರೀ ಎಟಿ ಎಂದರೆ ಅದು ಪರದೆಯ ಮೇಲೆ ಓಕೆ ಎಂದು ಬರೆಯುತ್ತದೆ. ಇದ್ದೀಯಾ ಎಂದರೆ ಇದ್ದೇನೆ ಎಂದಂತೆ.

ಮಂಗಲಾ ದಿನಾ ಎಟಿ ಕುಟ್ಟುತ್ತಾಳೆ, ಓಕೆ ಬರುತ್ತದೆ. ಆಮೇಲೆ ಎಟಿ, ಎಸ್, ಸೊನ್ನೆ, ಕೊನೆಗೊಂದು ಪ್ರಶ್ನೆಯ ಗುರುತು. ‘ಎಷ್ಟನೇ ರಿಂಗಿಗೆ ಫೋನ್ ಎತ್ತುತ್ತೀ?’ ಎಂದು ಕೇಳುವ ರೀತಿ ಅದು. ಮೋಡೆಮ್ ಮೂರು ಸೊನ್ನೆ ಬರೆದು ತೋರಿಸುತ್ತದೆ. ಅಂದರೆ ಎತ್ತುವುದೇ ಇಲ್ಲ. ಆ ಸೊನ್ನೆಗಳನ್ನು ಕಣ್ಣಾರೆ ಕಂಡ ಮೇಲೆಯೇ ಅವಳಿಗೆ ಸಮಾಧಾನ. ಅವಳಿಲ್ಲದಾಗ ಯಾರಾದರೂ ಫೋನ್ ಮಾಡಿದ್ದರೆ, ಎಷ್ಟು ಸಲ ಬಾರಿಸಿತೋ ಅಷ್ಟು ಸಲ ಪರದೆಯ ಮೇಲೆ ರಿಂಗ್ ಎಂಬ ಪದ ಒಂದರ ಕೆಳಗೆ ಒಂದು ಬಿದ್ದಿರುತ್ತದೆ. ಸಾಲ ಬೇಕೇ ಎಂದು ಕೇಳುವವರು, ವಿಮೆ ಮಾರುವವರು ಸಾಕಾಗುವ ತನಕ ಬಾರಿಸಿ ಬಿಡುತ್ತಾರೆ. ಅದು ಅವಳಿಗೆ ಬೇಡ. ಅವಳು ಹುಡುಕುವುದು ಒಂದೇ ಸಲ ಬಾರಿಸಿ ನಿಂತ ಒಂಟಿ ರಿಂಗನ್ನು. ಅದು ಬಂದು ಬಹಳ ವರ್ಷವಾಯಿತು. ಅದು ಅವಳ ಅಣ್ಣ ಹುಲಿಗೆಪ್ಪನದು.

ಅಂಗಡಿಯ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಿಗೆಳೆಯುವ ಮುದುಕ ಅವಳ ಅಪ್ಪ ಮಲಕಪ್ಪ. ಮುದ್ದೇಬಿಹಾಳದ ಕಡೆಯವನು. ಹೆಂಡತಿ ಯಲ್ಲವ್ವ, ಮಗ ಹುಲಿಗೆಪ್ಪ, ಸೊಂಟದ ಮೇಲಿನ ಕೂಸು ಮಂಗಲಾ, ಇಷ್ಟು ಜನರನ್ನು ಕಟ್ಟಿಕೊಂಡು ಗೋವೆಗೆ ಬಂದು, ಕಲ್ಲು ಹೊತ್ತು, ಗೌಂಡಿಯಾಗಿ, ಕೊನೆಗೆ ಗೌಂಡಿಗಳ ಮೇಸ್ತ್ರಿಯಾದವನು. ದಾಬೋಲಿಮ್ ಸುತ್ತ ಎದ್ದ ಎಷ್ಟೋ ಮನೆಗಳ ಮೂಲೆಗಲ್ಲಿನ ಕೆಳಗೆ ಅವನ ಕೈಯ ಒಂದು ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಇವತ್ತಿಗೂ ಇದೆ. ಉಳಿದ ಮೇಸ್ತ್ರಿಗಳು ತೆಂಗಿನಕಾಯಿ ಒಡೆದು ಕೆಲಸ ಸುರು ಮಾಡುತ್ತಾರೆ. ಮಲಕಪ್ಪನ ಗ್ಯಾಂಗಿನವರು ಮಾತ್ರ ಭಂಡಾರ ಹಾಕಿ, ಅದರ ಮೇಲೆ ಕಲ್ಲು ಕೂರಿಸಿ, ಕಲ್ಲಿಗೆ ಕರಣಿಯ ಹಿಡಿಯಿಂದ ಮೆಲ್ಲಗೆ ಬಡಿದು ‘ಕುಂದ್ರವ್ವ’ ಎನ್ನುತ್ತಾರೆ. ಆ ಮಾತು ಬೇರೆ ಯಾವ ಗ್ಯಾಂಗಿನಲ್ಲೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಲ್ಲವ್ವ ಬೇಗ ಹೋದಳು. ಮಂಗಲಾಳ ತಲೆ ಬಾಚಿ, ಜಡೆ ಹೆಣೆದು ಶಾಲೆಗೆ ಕಳಿಸಿದವನು ಅಣ್ಣ. ಸುಣ್ಣ ಸಿಮೆಂಟು ತಿಂದ ಅವನ ಒರಟು ಬೆರಳಿಗೆ ಕೂದಲು ಸಿಕ್ಕಿ ಅವಳು ಚೀರುವುದು, ಅವನು ತಲೆಗೊಂದು ಮೊಟಕುವುದು, ಇದು ದಿನದ ಪೂಜೆ. ‘ನೀ ಕಲ್ಲ ಹೊರಬ್ಯಾಡ’ ಎಂದು ಅವಳನ್ನು ವಾಸ್ಕೋದ ಕಂಪ್ಯೂಟರ್ ಕ್ಲಾಸಿಗೆ ಹಾಕಿದವನೂ ಅವನೇ. ಕಲಿತ ಮೇಲೆ ವಾಸ್ಕೋದಲ್ಲೇ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಯಾವ ಲಾರಿ ಎಲ್ಲಿಗೆ ಏನು ಹೊತ್ತು ಹೋಯಿತು ಎಂಬುದನ್ನೆಲ್ಲ ಕಂಪ್ಯೂಟರಿಗೆ ತುಂಬಿ, ಸಂಜೆ ಮೋಡೆಮ್‌ಗೆ ಅಕ್ಷರ ಕುಟ್ಟಿ ಮುಂಬಯಿಯ ದೊಡ್ಡ ಆಫೀಸಿಗೆ ಫೋನ್ ಹಚ್ಚಿಸಿ ಕಳಿಸಬೇಕು. ಹಚ್ಚಿದೊಡನೆ ಅದು ಕಿರ್ರೋ ಎಂದು ಕಿರುಚುತ್ತದೆ, ಆ ಕಡೆಯದೂ ಕಿರುಚುತ್ತದೆ, ಎರಡಕ್ಕೂ ಹೊಂದಾಣಿಕೆಯಾದ ಮೇಲೆ ತೆಪ್ಪಗಾಗುತ್ತವೆ. ಮ್ಯಾನೇಜರಿಗೆ ಆ ಸದ್ದಿನಿಂದ ತಲೆಶೂಲೆ. ಅದಕ್ಕೇ ಮಂಗಲಾ ಅದರ ಬಾಯಿ ಮುಚ್ಚಿಸುವ ಅಕ್ಷರವನ್ನೂ ಕಲಿತು, ಸ್ಪೀಕರ್ ಬಂದ್ ಮಾಡಿ ಇಟ್ಟಿದ್ದಳು.

ಅದೇ ವರ್ಷ ಮನೆಯಲ್ಲಿ ಅಪ್ಪ ಮಗನ ನಡುವೆ ಬೆಂಕಿ ಬಿತ್ತು. ದಾಬೋಲಿಮ್ ಹತ್ತಿರ ಒಂದು ಬಂಗಲೆಯ ಕೆಲಸ. ಮಲಕಪ್ಪ ತಾನೇ ನಿಂತು ಎಬ್ಬಿಸಿದ ಚಿರೆಕಲ್ಲಿನ ಗೋಡೆಗೆ ಹುಲಿಗೆಪ್ಪ ತೂಗುಗುಂಡು ಇಳಿಬಿಟ್ಟು ನೋಡಿದ. ನೋಡಿ ಸುಮ್ಮನಿರಬೇಕಿತ್ತು, ಇಲ್ಲವೇ ಅಪ್ಪನನ್ನು ಬದಿಗೆ ಕರೆದು ಹೇಳಬೇಕಿತ್ತು. ಆ ವಯಸ್ಸಿನಲ್ಲಿ ಯಾರಿಗೆ ಆ ಬುದ್ಧಿ ಇರುತ್ತದೆ! ಮಾಲೀಕ ಎದುರಿಗಿದ್ದಾಗಲೇ ಗೋಡೆ ಓರೆಯಾಗಿದೆ ಅಂದುಬಿಟ್ಟ. ಮಾಲೀಕ ಗೋಡೆ ಬಿಚ್ಚಿಸಿದ. ಇಡೀ ಗ್ಯಾಂಗಿನ ಮುಂದೆ ಮಲಕಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ತನ್ನ ಗೋಡೆಯನ್ನು ಬಿಚ್ಚುವ ಪಿಕಾಸಿಯ ಸದ್ದಿನ ಮಧ್ಯೆ ಅವನು ಮಗನಿಗೆ ಹೇಳಿದ್ದು ಒಂದೇ ಮಾತು: “ನಾ ಇರೂತನಾ ನನ್ನ ಹೊಸ್ತಿಲಾ ತುಳೀಬ್ಯಾಡ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪನ ಹಟ ಸೇರಾದರೆ ಮಗನದು ಸವ್ವಾಸೇರು. ಹುಲಿಗೆಪ್ಪ ಅವತ್ತಿನಿಂದ ಚಿಂಬಲ್‌ನಲ್ಲಿ ಯಾರದೋ ಖೋಲಿಯಲ್ಲಿ ಉಳಿದ, ಏಜೆಂಟನನ್ನು ಹಿಡಿದು ಓಮಾನ್ ದೇಶಕ್ಕೆ ಗೌಂಡಿ ಕೆಲಸಕ್ಕೆ ಹೊರಟ. ಹೊರಡುವ ಮುನ್ನ ತಂಗಿಯ ಆಫೀಸಿಗೆ ಬಂದ. ಮ್ಯಾನೇಜರ್ ಊಟಕ್ಕೆ ಹೋಗಿದ್ದ. ಮಂಗಲಾ ಅಳುವುದನ್ನು ನೋಡಲಾರದೆ ಅವನು ಮೋಡೆಮ್ ಕಡೆ ಕೈ ತೋರಿಸಿ ಇದೇನು ಎಂದು ಕೇಳಿದ. ಆಫೀಸಿನಲ್ಲಿ ಎರಡು ಲೈನು. ಗಿರಾಕಿಗಳ ಫೋನು ಮ್ಯಾನೇಜರನ ಮೇಜಿನ ಮೇಲೆ. ಇನ್ನೊಂದು ಬರೀ ಮೋಡೆಮ್‌ನದು, ಪಕ್ಕದಲ್ಲಿ ಅದಕ್ಕೇ ಜೋಡಿಸಿದ ಒಂದು ಫೋನು, ಆ ನಂಬರಿಗೆ ಹೊರಗಿನವರು ಯಾರೂ ಮಾಡುತ್ತಿರಲಿಲ್ಲ. ಅಣ್ಣನಿಗೆ ಅವಳು ಕೊಟ್ಟದ್ದು ಆ ನಂಬರು. ಅವನು ಅಲ್ಲೇ ನಿಂತು ಬಾಯಿಪಾಠ ಮಾಡಿಕೊಂಡ. ಆಮೇಲೆ ಕರಾರು ಹೇಳಿದ.

“ಪ್ರತಿ ಶುಕ್ರವಾರ ನನಗ ಸೂಟಿ. ಮಧ್ಯಾಹ್ನ ಒಂದ ರಿಂಗ್ ಕೊಟ್ಟು ಇಡ್ತೀನಿ. ಎತ್ತಬ್ಯಾಡ. ಅಣ್ಣ ಆರಾಮ್ ಅದಾನ ಅಂತ ತಿಳ್ಕೋ.”

“ಎತ್ತಿದ್ರ ಏನಾಕ್ಕೈತಿ?” ಎಂದು ಕೇಳಿದಳು ಮಂಗಲಾ. ಅವಳಿಗೆ ಬೇಕಾಗಿದ್ದುದು ಅವನ ದನಿ.

“ಎತ್ತಿದ್ರ, ಅಪ್ಪಗ ಗೊತ್ತಾಗೈತಿ ಅಂತ ನಾ ತಿಳ್ಕೋತೀನಿ. ನನ್ನ ಸಲುವಾಗಿ ನಿನಗ ಮನ್ಯಾಗ ತ್ರಾಸ ಬ್ಯಾಡವಾ. ಮತ್ತ ಎಂದೂ ಮಾಡೂದಿಲ್ಲ.” ಬಾಗಿಲ ತನಕ ಹೋಗಿ ತಿರುಗಿ ನಿಂತ. “ನಿಲ್ಲದಂಗ ಬಾರಸ್ಕೋಂತನ ಇದ್ರ, ಅವತ್ತ ಎತ್ತು. ಅವತ್ತ ನಾ ಮನಿಗೆ ಬರಾಕತ್ತೇನಿ ಅಂತ ಅರ್ಥ.”

ಆಗ ಒಂದು ರಿಂಗು ಕೊಟ್ಟು ಇಡುವುದು ಎಲ್ಲರ ಮನೆಯ ರೂಢಿ. ಊರಿಗೆ ಮುಟ್ಟಿದೆ ಎಂದು ಹೇಳುವುದಕ್ಕೂ ಅದೇ, ನಾನು ಇಲ್ಲಿಂದ ಮಾಡಲಾರೆ ನೀನೇ ಮಾಡು ಎನ್ನುವುದಕ್ಕೂ ಅದೇ. ಆದರೆ ಮಂಗಲಾಳ ಪಾಲಿಗೆ ಆ ಒಂದು ರಿಂಗು ವಾರದ ಊಟವಾಯಿತು. ಶುಕ್ರವಾರ ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಮುಂದಿಟ್ಟುಕೊಂಡು ಕೂತಿರುವಳು. ಫೋನು ಒಮ್ಮೆ ಬಾರಿಸಿ ನಿಲ್ಲುವುದು. ಕೈ ತಾನಾಗಿ ಮುಂದೆ ಹೋಗುವುದು, ಅವಳು ಹಿಂದಕ್ಕೆಳೆದುಕೊಂಡು ರೊಟ್ಟಿ ಮುರಿಯುವಳು. ಎತ್ತಿದರೆ ಅಣ್ಣನ ಉಸಿರಾದರೂ ಕೇಳುತ್ತಿತ್ತು. ಎತ್ತಿದರೆ ಅಣ್ಣ ಇರುತ್ತಿರಲಿಲ್ಲ.

ಹೀಗೆ ನಡೆಯುತ್ತಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಫೋಂಡಾದಿಂದ ಕಂಪ್ಯೂಟರ್ ರಿಪೇರಿಯ ಇಂಜಿನಿಯರ್ ಬಂದ. ಮೋಡೆಮ್ ಮುಂದೆ ಕೂತು ನಾಲ್ಕು ಅಕ್ಷರ ಕುಟ್ಟಿ, ಚಹಾ ಕುಡಿದು, ಇನ್ನು ಮೇಲೆ ನೀವು ಮುಂಬಯಿಗೆ ಫೋನ್ ಹಚ್ಚುವುದು ಬೇಡ, ಸಂಜೆ ಅವರೇ ಮಾಡಿ ಲೆಕ್ಕ ತೆಗೆದುಕೊಳ್ಳುತ್ತಾರೆ ಎಂದು ಹೇಳಿ ಹೋದ. ಮಂಗಲಾಳಿಗೆ ಒಂದು ಕೆಲಸ ಕಡಿಮೆಯಾದ ಖುಷಿ. ಮಧ್ಯಾಹ್ನ ಎಂದಿನಂತೆ ಫೋನು ಒಮ್ಮೆ ಬಾರಿಸಿತು, ನಿಂತಿತು. ಅಣ್ಣ ಆರಾಮ್ ಇದ್ದಾನೆ ಎಂದುಕೊಂಡಳು. ಅವತ್ತು ಪಲ್ಯ ಚಲೋ ಆಗಿತ್ತು, ಬೆರಳು ನೆಕ್ಕಿಕೊಂಡು ಉಂಡಳು.

ಮುಂದಿನ ಶುಕ್ರವಾರ ಫೋನು ಬಾರಿಸಲಿಲ್ಲ. ಅದರ ಮುಂದಿನದೂ ಇಲ್ಲ. ಓವರ್‌ಟೈಮ್ ಇರಬೇಕು ಎಂದುಕೊಂಡಳು. ಹುಷಾರಿಲ್ಲವೇನೋ ಎಂದುಕೊಂಡಳು. ಆಮೇಲೆ ಅಂದುಕೊಳ್ಳಬಾರದ್ದನ್ನೆಲ್ಲ ಅಂದುಕೊಂಡು ಯಲ್ಲಮ್ಮನಿಗೆ ಹರಕೆ ಹೊತ್ತಳು. ಯಾರ ಮುಂದೆ ಬಾಯಿ ಬಿಡುವುದು? ಮನೆಯಲ್ಲಿ ಅಣ್ಣನ ಹೆಸರು ಎತ್ತುವ ಹಾಗಿರಲಿಲ್ಲ.

ಒಂದು ದಿನ ಪರ್ವೇಜ ಎಂಬ ಲಾರಿ ಡ್ರೈವರ್ ಆಫೀಸಿಗೆ ಬಂದವನೇ ನಗುತ್ತ, ಏನ್ ಮಂಗಲಾಬಾಯಿ, ಆಫೀಸಿನ್ಯಾಗ ಕತ್ತಿ ಸಾಕೀರೇನು ಎಂದು ಕೇಳಿದ. ಹಳೆಯ ಬಿಲ್ಲಿನ ಮೇಲಿದ್ದ ಯಾವುದೋ ನಂಬರಿಗೆ ಫೋನ್ ಮಾಡಿದ್ದನಂತೆ. ಒಂದು ರಿಂಗ್ ಆದೊಡನೆ ಯಾರೋ ಎತ್ತಿದರಂತೆ, ಎತ್ತಿದವರು ಕತ್ತೆಯ ಹಾಗೆ ಅವನ ಕಿವಿಯಲ್ಲಿ ಕಿರುಚಿದರಂತೆ. ಆಫೀಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂಗಲಾ ಮಾತ್ರ ನಗಲಿಲ್ಲ. ಕಂಪ್ಯೂಟರಿಗೆ ಓಡಿ, ಎಷ್ಟನೇ ರಿಂಗಿಗೆ ಎತ್ತುತ್ತೀ ಎಂದು ಮೋಡೆಮನ್ನು ಕೇಳಿದಳು. ಎರಡು ಸೊನ್ನೆ, ಒಂದು ಒಂದು.

ಮೊದಲನೇ ರಿಂಗಿಗೇ ಎತ್ತು ಎಂದು ಇಂಜಿನಿಯರ್ ಬರೆದು ಹೋಗಿದ್ದ. ಸ್ಪೀಕರ್ ಬಂದ್ ಇದ್ದುದರಿಂದ ಅದು ಎತ್ತಿದ್ದು, ಕಿರುಚಿದ್ದು ಈ ಕಡೆ ಕೇಳಿರಲಿಲ್ಲ. ಈ ಕಡೆ ಬರೀ ಒಂದು ರಿಂಗು, ಮೇಲೆ ಮೌನ, ಅಣ್ಣ ಆರಾಮ್ ಇದ್ದಾನೆ ಎಂಬ ಅದೇ ಹಳೆಯ ಗುರುತು. ಆ ಕಡೆ ಅಣ್ಣನಿಗೆ ಕೇಳಿದ್ದು, ಫೋನು ಎತ್ತಿದ ಸದ್ದು; ಕಿರುಚು ಸುರುವಾಗುವ ಮೊದಲೇ ಅವನು ಇಟ್ಟುಬಿಟ್ಟಿರಬೇಕು. ಮಂಗಲಾ ಬೆರಳು ನೆಕ್ಕಿಕೊಂಡು ಉಂಡದ್ದು ಅದೇ ಹೊತ್ತಿನಲ್ಲಿ. ತಾನು ಆಡದ ಮಾತನ್ನು ಪೆಟ್ಟಿಗೆ ಆಡಿತ್ತು. ಅಪ್ಪನಿಗೆ ಗೊತ್ತಾಗಿದೆ, ಇನ್ನು ಫೋನ್ ಮಾಡಬೇಡ.

ಅವತ್ತೇ ಅವಳು ಆ ಒಂದನ್ನು ಅಳಿಸಿ ಮೂರು ಮಾಡಿದಳು, ಕರೆಂಟ್ ಹೋದರೂ ಮರೆಯಬೇಡ ಎಂಬ ಅಕ್ಷರವನ್ನೂ ಸೇರಿಸಿ ಗಟ್ಟಿ ಮಾಡಿದಳು. ಮುಂಬಯಿಯವರು ಮೂರು ರಿಂಗಿನ ತನಕ ಕಾಯಲಿ, ಏನೂ ಮುಳುಗುವುದಿಲ್ಲ; ಅಣ್ಣನ ಒಂದು ರಿಂಗು ಕ್ಷೇಮವಾಗಿ ಬಂದು ಹೋಗಲಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಬರಬೇಕಾದವನಿಗೆ ಅದು ಗೊತ್ತಾಗುವುದು ಹೇಗೆ? ಅವನ ಅಡ್ರೆಸ್ಸಿಲ್ಲ, ನಂಬರಿಲ್ಲ. ಕಳಿಸಿದ ಏಜೆಂಟ್ ಊರು ಬಿಟ್ಟಿದ್ದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೊಂದೇ ಉಳಿಯಿತು.

ಮೋಡೆಮ್‌ನ ಅಕ್ಷರಗಳಲ್ಲಿ ಮಂಗಲಾಳಿಗೆ ಬಹಳ ಸೇರುತ್ತಿದ್ದುದು ಒಂದಿತ್ತು. ಎರಡು ಕಂಪ್ಯೂಟರು ಮಾತಾಡುತ್ತಿರುವಾಗ ನಡುವೆ ನಮಗೆ ಮೋಡೆಮ್ ಹತ್ತಿರ ಏನಾದರೂ ಹೇಳಬೇಕಾದರೆ, ಒಂದು ಗಳಿಗೆ ಸುಮ್ಮನಿದ್ದು, ಮೂರು ಸಲ ಕೂಡಿಸುವ ಚಿಹ್ನೆ ಒತ್ತಿ, ಮತ್ತೆ ಒಂದು ಗಳಿಗೆ ಸುಮ್ಮನಿರಬೇಕು. ಆಗ ಮಾತು ನಿಲ್ಲುತ್ತದೆ, ಲೈನು ಮಾತ್ರ ಕಟ್ಟಾಗುವುದಿಲ್ಲ. ಕೆಲಸ ಮುಗಿದ ಮೇಲೆ ಬಿಟ್ಟಲ್ಲಿಂದಲೇ ಮತ್ತೆ ಸುರು ಮಾಡಬಹುದು. ತನಗೂ ಅಣ್ಣನಿಗೂ ನಡುವೆ ಹಾಗೇ ಆಗಿದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಾತು ನಿಂತಿದೆ, ಲೈನು ಕಟ್ಟಾಗಿಲ್ಲ.

ವರ್ಷಗಳು ಉರುಳಿದವು. ಬಂದರಿನಲ್ಲಿ ಕೆಲಸ ಮಾಡುವ ಗುರುಲಿಂಗನ ಜೊತೆ ಅವಳ ಮದುವೆಯಾಯಿತು. ಎಲ್ಲ ಇಂಟರ್‌ನೆಟ್ಟಿನಲ್ಲಿ ಆಗತೊಡಗಿ ಆ ಆಫೀಸು ಮುಚ್ಚಿತು. ಮುಚ್ಚುವಾಗ ಮ್ಯಾನೇಜರು ಏನು ಬೇಕು ತಗೋ ಎಂದಾಗ, ಒಳ್ಳೆ ಕುರ್ಚಿ ಮೇಜು ಎಲ್ಲ ಬಿಟ್ಟು ಅವಳು ಕೇಳಿದ್ದು ಆ ಮೋಡೆಮ್ಮು ಮತ್ತು ಆ ಲೈನಿನ ನಂಬರು. ಅರ್ಜಿ ಬರೆದು, ಟೆಲಿಫೋನ್ ಆಫೀಸಿಗೆ ಚಪ್ಪಲಿ ಸವೆಸಿ, ನಂಬರನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಈ ಅಂಗಡಿಗೆ ತಂದಳು. ಈಗ ಮುಂಬಯಿಯವರ ಹಂಗಿಲ್ಲವಾದ್ದರಿಂದ ಮೂರನ್ನು ಸೊನ್ನೆ ಮಾಡಿದಳು. ಯಾರಿಗೂ ಎತ್ತಬೇಡ. ಗುರುಲಿಂಗನೊಬ್ಬನಿಗೆ ಸಂಗತಿ ಗೊತ್ತು. ಕೆಲವರ ಮನ್ಯಾಗ ನಂದಾದೀಪ ಇರ್ತೈತಿ, ನಮ್ಮ ಮನ್ಯಾಗ ಇದು ಎಂದು ಅವನು ನಕ್ಕು ಬಿಲ್ಲು ಕಟ್ಟಿಬರುತ್ತಾನೆ. ಗಂಡ ಅಂದರೆ ಹೀಗಿರಬೇಕು ಎಂದು ನನಗೂ ಅನಿಸಿದ್ದುಂಟು.

ಅಪ್ಪನಿಗೆ ಮಾತ್ರ ಅವಳು ಹೇಳಲಿಲ್ಲ. ಮಲಕಪ್ಪ ಕುರ್ಚಿಯಲ್ಲಿ ಕೂತು, ಏನಂತೈತಿ ನಿನ್ನ ಡಬ್ಬಿ ಎಂದು ದಿನಾ ಚೇಷ್ಟೆ ಮಾಡುವನು. ಓಕೆ ಅಂತೈತಿ ಎನ್ನುವಳು ಇವಳು.

ಕಳೆದ ಮಳೆಗಾಲ ಮುಗಿದ ಮೇಲೆ ಲೈನ್‌ಮನ್ ನಾನಪ್ಪ ಬಂದು ಸುದ್ದಿ ಹೇಳಿದ. ರಸ್ತೆಯ ಕೆಳಗಿನ ತಾಮ್ರದ ಕೇಬಲ್ಲುಗಳನ್ನೆಲ್ಲ ತೆಗೆಯುತ್ತಿದ್ದಾರೆ, ಈ ಏರಿನ ಮೇಲೆ ಉಳಿದದ್ದು ನಿಮ್ಮದೊಂದೇ ಫೋನು, ತಿಂಗಳ ಕೊನೆಗೆ ಬಂದ್, ಹೊಸ ಲೈನ್ ಬೇಕಾದರೆ ಹೊಸ ನಂಬರು. ಈ ನಂಬರನ್ನೇ ಉಳಿಸಿಕೊಡು ಎಂದು ಅವಳು ಎಷ್ಟು ಬೇಡಿಕೊಂಡರೂ, ಅದು ತನ್ನ ಕೈಯಲ್ಲಿಲ್ಲ ಎಂದು ಅವನು ತಲೆ ಕೆರೆದುಕೊಂಡು ಹೋದ. ಅವನದೇನು ತಪ್ಪು. ಅಣ್ಣನಿಗೆ ಗೊತ್ತಿರುವುದು ಜಗತ್ತಿನಲ್ಲಿ ಅದೊಂದೇ ನಂಬರು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು.

ದೇವರು ಒಂದು ಬಾಗಿಲು ಹಾಕುವಾಗ ಕಿಟಕಿಯ ಚಿಲಕ ಹಾಕಲು ಮರೆಯುತ್ತಾನೋ ಏನೋ. ಅದೇ ವಾರ ರಿಯಾಜ ಅಂಗಡಿಗೆ ಬಂದ. ಹಿಂದಿನ ಓಣಿಯ ಲಾಡಬಿಯ ಮಗ, ಓಮಾನದಲ್ಲಿ ಟೈಲ್ಸ್ ಕೂರಿಸುವವನು, ರಜೆಯ ಮೇಲೆ ಬಂದಿದ್ದ. ಪಾಸ್‌ಪೋರ್ಟಿನ ಪ್ರತಿ ತೆಗೆಸಿಕೊಳ್ಳುತ್ತ ಏನೋ ತಮಾಷೆ ಹೇಳುವವನಂತೆ ಹೇಳಿದ. ಅಲ್ಲಿ ಸಲಾಲಾ ಎಂಬ ಊರಿನ ಒಂದು ಕಟ್ಟಡದ ಕೆಲಸಕ್ಕೆ ಹೋದಾಗ ಒಬ್ಬ ಗಡ್ಡದ ಗೌಂಡಿ ಮೂಲೆಗಲ್ಲಿನ ಕೆಳಗೆ ಚಿಟಿಕೆ ಅರಿಶಿನ ಹಾಕಿ, ಕರಣಿಯ ಹಿಡಿಯಿಂದ ಬಡಿದು ‘ಕುಂದ್ರವ್ವ’ ಅಂದನಂತೆ. ಎಲಾ ಇವನ, ನಮ್ಮ ಕಡೆಯವನೇ ಎಂದು ಮಾತಾಡಿಸಲು ಹೋದರೆ ಅಷ್ಟರಲ್ಲಿ ಇವನನ್ನು ಗಾಡಿಗೆ ಹತ್ತಿಸಿದರಂತೆ.

ಮಂಗಲಾಳ ಕೈಯಲ್ಲಿದ್ದ ಪಾಸ್‌ಪೋರ್ಟ್ ಕೆಳಗೆ ಬಿತ್ತು. ಪುಣ್ಯಕ್ಕೆ ಅಪ್ಪ ಚಹಾಕ್ಕೆ ಹೋಗಿದ್ದ. ಅವಳು ರಿಯಾಜನನ್ನು ಒಳಗೆ ಕೂರಿಸಿ ಎಲ್ಲವನ್ನೂ ಹೇಳಿದಳು. ಅವನು ಹಿಂದಿರುಗುವುದು ಎರಡು ದಿನದಲ್ಲಿತ್ತು. ತನ್ನ ಮೊಬೈಲ್ ನಂಬರು ಬರೆದುಕೊಟ್ಟು, ಇದನ್ನು ಅಣ್ಣನಿಗೆ ಕೊಟ್ಟು ಅವನ ನಂಬರು ಇಸಿದುಕೊಂಡು ಕಳಿಸು ಎಂದಳು. ತೆಗೆದುಕೊಳ್ಳದಿದ್ದರೆ ಇಷ್ಟಾದರೂ ಹೇಳು ಎಂದಳು.

“ಅದ ನಂಬರ್ ಇನ್ನೂ ಐತಿ, ಈ ತಿಂಗಳ ತನಾ ಐತಿ ಅನ್ನು. ಅವತ್ತ ನಾ ಎತ್ತಿರಲಿಲ್ಲ, ಮಷಿನ್ ಎತ್ತಿತ್ತು ಅನ್ನು. ಈಗ ಯಾರೂ ಎತ್ತೂದಿಲ್ಲ, ಅಂತ ಹೇಳಪಾ.”

ಇಂಥ ವಿಚಿತ್ರ ಸಂದೇಶವನ್ನು ರಿಯಾಜ ಜನ್ಮದಲ್ಲಿ ಹೊತ್ತಿರಲಿಲ್ಲ. ಆದರೂ ಹೊತ್ತುಕೊಂಡು ಹೋದ. ತಿಂಗಳು ಮುಗಿಯುತ್ತ ಬಂದಾಗ ವಾಟ್ಸಾಪಿನಲ್ಲಿ ಅವನ ದನಿ ಬಂತು. ಅವಸರದಲ್ಲಿ ಮಂಗಲಾ ಅದನ್ನು ಎಲ್ಲರಿಗೂ ಕೇಳುವಂತೆ ಹಚ್ಚಿಬಿಟ್ಟಳು.

“ಮಂಗಲಕ್ಕಾ, ಸಿಕ್ಕಿದ್ರು. ನೀವ್ ಹೇಳಿದ್ದು ಹೇಳೀನಿ. ನಿಮ್ಮ ಮೊಬೈಲ್ ನಂಬರ್ ಕೊಟ್ರ ತಗೊಳ್ಳಿಲ್ಲ, ಅವರದೂ ಕೊಡ್ಲಿಲ್ಲ. ‘ಅಪ್ಪ ಅದಾನೇನು?’ ಅಂತ ಅಷ್ಟ ಕೇಳಿದ್ರು. ಅದಾರ ಅಂದೆ. ಸುಮ್ಮನ ಕರಣಿ ತಗೊಂಡು ಹ್ವಾದ್ರು.”

ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟಿತು. ಮಲಕಪ್ಪ ಎದ್ದು ನಿಂತಿದ್ದ. ಅಪ್ಪ ಅದಾನೇನು ಅಂತ ಕೇಳಿದಾಂವ ಯಾರು ಎಂದು ಕೇಳಿದ. ಮಂಗಲಾ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. ಶಟರನ್ನು ಅರ್ಧಕ್ಕೆ ಎಳೆದು, ಅಪ್ಪನನ್ನು ಮೋಡೆಮ್ ಪಕ್ಕ ಕೂರಿಸಿ, ಅಣ್ಣನ ಕರಾರು, ಒಂದು ರಿಂಗು, ಇಂಜಿನಿಯರು, ಕತ್ತೆಯ ಕಿರುಚು, ಮೂರು ಸೊನ್ನೆ, ಎಲ್ಲ ಹೇಳಿದಳು. ಮುದುಕ ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಬೂದು ಪೆಟ್ಟಿಗೆಯ ಮೇಲಿನ ಧೂಳನ್ನು ಟವೆಲಿನಿಂದ ಒರೆಸುತ್ತ ಕೂತ. ಧೂಳು ಹೋದ ಮೇಲೂ ಒರೆಸಿದ.

“ಗ್ವಾಡಿ ಖರೇನ ಓರೆ ಇತ್ತು,” ಅಂದ.

ಆ ವರ್ಷವೇ ಅವನ ಕಣ್ಣಿಗೆ ಪೊರೆ ಬರಲು ಸುರುವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ, ಕಣ್ಣು ಕಾಣದ ಮೇಸ್ತ್ರಿಯ ಕೈಗೆ ಕೆಲಸ ಯಾರು ಕೊಡುತ್ತಾರೆ? ಮುಂದೆ ಆಪರೇಷನ್ ಆಗಿ ಕಣ್ಣು ತಿಳಿಯಾದ ಮೇಲೆ, ಒಬ್ಬನೇ ಬಸ್ ಹತ್ತಿ, ಆ ವರ್ಷ ತಾನು ಕಟ್ಟಿದ ಬೇರೆ ಗೋಡೆಗಳನ್ನು ಹುಡುಕಿಕೊಂಡು ಹೋಗಿ ನೋಡಿ ಬಂದಿದ್ದನಂತೆ. ಇನ್ನೂ ಒಂದೆರಡು ಓರೆಯಾಗಿಯೇ ನಿಂತಿದ್ದವಂತೆ. ಹಾಗಾದರೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಮಂಗಲಾ ಸಿಟ್ಟಿನಿಂದಲೇ ಕೇಳಿದಳು. ಸಿಟ್ಟು ಬರುವಂಥದ್ದೇ ಬಿಡಿ. ಇಬ್ಬರ ನಡುವೆ ಅವಳು ಅರೆದುಹೋಗಿದ್ದಳು.

“ಯಾರ ಮುಂದ ಹೇಳ್ಲಿ?” ಎಂದ ಮಲಕಪ್ಪ. “ಯಾರಿಗೆ ಹೇಳಬೇಕಿತ್ತು, ಅವನ ಇಲ್ಲಿ ಇರಲಿಲ್ಲಲ್ಲವಾ.”

ಇನ್ನು ಉಳಿದದ್ದು ಒಂದೇ ಶುಕ್ರವಾರ. ಅದರ ಮರುದಿನ ಕೇಬಲ್ಲು ತೆಗೆಯುವವರಿದ್ದರು. ಮಂಗಲಾ ಅಪ್ಪನ ಕೈ ಹಿಡಿದು ಹೇಳಿದಳು: ಒಂದು ರಿಂಗು ಬಂದರೆ ಅಣ್ಣ ನಂಬಿದ ಹಾಗೆ. ಮುಂದಿನದನ್ನು ರಿಯಾಜನ ಕೈಯಲ್ಲಿ ಮೆಲ್ಲಗೆ ಹೇಳಿಕಳಿಸೋಣ. ನೀನು ಮಾತ್ರ ಫೋನು ಮುಟ್ಟಬೇಡ. ಮುದುಕ ಹೂಂ ಅಂದ. ಆದರೆ ತನ್ನ ಕುರ್ಚಿಯನ್ನು ಬಾಗಿಲಿನಿಂದ ಎತ್ತಿ ತಂದು ಮೂಲೆಯಲ್ಲಿ ಹಾಕಿಕೊಂಡ.

ಆ ಶುಕ್ರವಾರ ಮಲಕಪ್ಪ ಬೆಳಿಗ್ಗೆಯೇ ಮಿಂದು, ಹಣೆಗೆ ಭಂಡಾರ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ, ಹೆಣ್ಣು ನೋಡಲು ಹೊರಟವನ ಹಾಗೆ. ಮಂಗಲಾ ಎಟಿ ಕುಟ್ಟಿದಳು, ಓಕೆ ಬಂತು. ಮೂರು ಸೊನ್ನೆ ಬಂತು. ಗಿರಾಕಿಗಳು ಬಂದರು, ಹೋದರು. ಅವಳು ಒಬ್ಬರ ರೇಷನ್ ಕಾರ್ಡನ್ನು ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡಳು. ಮಧ್ಯಾಹ್ನವಾಯಿತು. ಬುತ್ತಿ ಬಿಚ್ಚಿದಳು, ಉಣ್ಣಲಿಲ್ಲ. ಅಪ್ಪನೂ ಉಣ್ಣಲಿಲ್ಲ. ಅವನ ಕೈ ಯಾವಾಗ ಫೋನಿನ ಮೇಲೆ ಹೋಗಿ ಕೂತಿತೋ ಅವಳು ನೋಡಲಿಲ್ಲ.

ಫೋನು ಬಾರಿಸಿತು. ಪರದೆಯ ಮೇಲೆ ರಿಂಗ್ ಎಂದು ಬಿತ್ತು. ಆ ಪದ ಪೂರಾ ಅವಳ ಕಣ್ಣಿಗೆ ಇಳಿಯುವ ಮೊದಲೇ ಮಲಕಪ್ಪ ಫೋನು ಎತ್ತಿದ್ದ.

“ಹುಲಿಗ್ಯಾ,” ಎಂದ. “ಗ್ವಾಡಿ ಓರೆ ಇತ್ತಪಾ.”

ಆ ಕಡೆ ಲೈನು ಕಟ್ಟಾಯಿತು.

ಮಂಗಲಾ ಅಪ್ಪನ ಕೈಯಿಂದ ಫೋನು ಕಸಿದು ಕಿವಿಗೆ ಹಿಡಿದಳು. ಕುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಕರೆ ಎಲ್ಲಿಂದ ಬಂತೆಂದು ನಂಬರು ತೋರಿಸುವ ಫೋನೂ ಅದಲ್ಲ. ಇಷ್ಟು ವರ್ಷ ಕಾದು ಬಂದ ತುತ್ತು ಬಾಯಿಗೆ ಬೀಳದೆ ಮಣ್ಣಿಗೆ ಬಿದ್ದಿತ್ತು. ಅವಳು ಫೋನನ್ನು ಅದರ ಜಾಗದಲ್ಲಿಟ್ಟು ನೆಲದ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ ಅಪ್ಪನನ್ನು ಬೈದಳು. ಒಂದು ಸಲ ಮಷಿನ್ನು ಕೆಡಿಸಿತು, ಇನ್ನೊಂದು ಸಲ ನೀನು ಕೆಡಿಸಿದೆ, ಎತ್ತಬಾರದು ಅಂತ ಬಿಡಿಸಿ ಹೇಳಿರಲಿಲ್ಲವೇ ಎಂದಳು.

ಮಲಕಪ್ಪ ಸಾವಕಾಶ ತಲೆಯಾಡಿಸಿದ.

“ಎತ್ತಿದ್ರ ಅಪ್ಪಗ ಗೊತ್ತಾಗೈತಿ ಅಂತ ಅರ್ಥ, ಹೌದಲ್ಲೋ? ಮತ್ತ, ನನಗ ಗೊತ್ತಾಗೈತೆವಾ. ಅದು ಅವಗ ಗೊತ್ತಾಗ್ಲಿ ಅಂತನ ಎತ್ತೀನಿ.”

ಯಾರೋ ಫೋಟೋ ಪ್ರಿಂಟ್ ಬೇಕೆಂದು ಬಂದವರು ಇವರ ಮುಖ ನೋಡಿ ಹಾಗೇ ಹೋದರು. ಹೊರಗೆ ಒಂದು ಬಸ್ಸು ಏದುಸಿರು ಬಿಡುತ್ತ ಏರು ಹತ್ತಿತು. ಪರದೆಯ ಮೇಲೆ ಆ ಒಂಟಿ ರಿಂಗು ಹಾಗೇ ಇತ್ತು. ಅವಳು ಇಷ್ಟು ವರ್ಷ ಹುಡುಕಿದ್ದು ಅದನ್ನೇ, ಈಗ ಅದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ.

ಆಗ ಫೋನು ಮತ್ತೆ ಬಾರಿಸಿತು.

ಅಪ್ಪ ಮಗಳು ಇಬ್ಬರೂ ಅಲುಗಲಿಲ್ಲ. ಒಂದು ರಿಂಗಿಗೆ ನಿಲ್ಲುತ್ತದೆ ಎಂದುಕೊಂಡಳು ಮಂಗಲಾ. ನಿಲ್ಲಲಿಲ್ಲ. ಪರದೆಯ ಮೇಲೆ ಇನ್ನೊಂದು ರಿಂಗ್ ಬಿತ್ತು, ಅದರ ಕೆಳಗೆ ಮತ್ತೊಂದು. ಮಲಕಪ್ಪನ ಕೈ ಫೋನಿನ ಹತ್ತಿರ ಹೋಗಿ ಗಾಳಿಯಲ್ಲೇ ನಿಂತಿತು. ಮೊದಲ ಸಲ ಹೇಳದೆ ಕೇಳದೆ ಎತ್ತಿದ್ದ ಆಸಾಮಿ ಈಗ ಮಗಳ ಮುಖ ನೋಡುತ್ತಿದ್ದ.

“ಎತ್ತಲೇನವಾ?”

ಮಂಗಲಾ ನೆಲದಿಂದ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದರ ಕೆಳಗೊಂದು ಇಳಿಯುತ್ತಿದ್ದ ಆ ಪದಗಳನ್ನು ನೋಡಿದಳು. ಅದು ನಿಲ್ಲದೆ ಬಾರಿಸುತ್ತಲೇ ಇತ್ತು.

“ಎತ್ತ ಯಪ್ಪಾ,” ಅಂದಳು. “ಅಣ್ಣ ಮನಿಗೆ ಬರಾಕತ್ತಾನ.”